ತೋಟೆಯ ಮರ್ಜಿ

ಬ್ರಹ್ಮಾವರದಿಂದ ಪೇತ್ರಿ ದಾಟಿ ಹೆಬ್ರಿಯ ದಿಕ್ಕಿಗೆ ಹೋದಷ್ಟೂ ಸಮುದ್ರ ಹಿಂದೆ ಉಳಿದು ಕಾಡು ಹತ್ತಿರವಾಗುತ್ತದೆ. ಬೇಸಾಯಗಾರರ ಮಾತಿನಲ್ಲಿ ಹಂದಿ, ನವಿಲು, ಮಂಗಗಳ ಪಾಲೂ ಹೆಚ್ಚುತ್ತದೆ. ಭತ್ತ ಹಾಲು ತುಂಬುವಾಗ ಹಂದಿ ಗದ್ದೆಗೆ ಇಳಿಯುತ್ತದೆ, ಬಿತ್ತಿದ ನೆಲಗಡಲೆಯನ್ನು ನವಿಲು ಕೆದಕುತ್ತದೆ, ಎಳನೀರಿನ ಮೇಲೆ ಮಂಗಗಳ ಹಕ್ಕು ಮೊದಲಿನಿಂದಲೂ ಇದ್ದದ್ದೇ. ಹಾಗಾಗಿ ಈ ಕಡೆಯ ಹಳೆಯ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಿಗೆ ಪಡೆದ ಒಂದು ಕೋವಿ ಇರುವುದು ಹೊಸ ಸಂಗತಿಯಲ್ಲ. ಕೆಲವರದ್ದು ಕೇಪಿನ ಕೋವಿ, ಕೆಲವರದ್ದು ತೋಟೆ ಕೋವಿ. ಒಂಟಿ ನಳಿಗೆಯದ್ದೋ ಜೋಡು ನಳಿಗೆಯದ್ದೋ. ಕೋವಿ ಇದೆಯೆಂದು ಪ್ರಾಣಿ ಹೊಡೆಯುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಕೋವಿಗಳಿಂದ ಕಾನೂನಿನ ಒಳಗೇ ಸಿಗುವ ಫಸಲು ಎಂದರೆ ಸದ್ದು ಒಂದೇ. ಒಂದು ಈಡಿನ ಸದ್ದು ಕೇಳಿದರೆ ಹಂದಿಯ ಹಿಂಡು ಆ ರಾತ್ರಿಯ ಮಟ್ಟಿಗೆ ಪಕ್ಕದವರ ಗದ್ದೆ ನೋಡಿಕೊಳ್ಳುತ್ತದೆ.

ಆ ಸದ್ದಾದರೂ ಬೇಕೆಂದಾಗ ಬರಬೇಕಲ್ಲ. ಕೋವಿ ಇಟ್ಟುಕೊಂಡವರ ನಡುವೆ ಹಿಂದೆಯೂ ಈಗಲೂ ನಡೆಯುವ ಚರ್ಚೆ ಇದೇ: ಯಾರ ಕೋವಿಯ ಈಡು ನಂಬಿಕಸ್ತ, ಯಾರದ್ದು ಕೈಕೊಡುತ್ತದೆ. ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ನೋಡಿ ಬೆಳೆದ ಹುಡುಗರು ಈ ಚರ್ಚೆಗೆ ಹೊಸ ಪ್ರಶ್ನೆಯೊಂದನ್ನು ತಂದಿದ್ದಾರೆ. ಅಲ್ಲಿ ಎಲ್ಲರ ಕೈಯಲ್ಲೂ ಕಾಣುವ ಪಾಯಿಂಟ್ ಟೂ ಟೂ ಸೆಮಿ ಆಟೋಮ್ಯಾಟಿಕ್ ರೈಫಲ್, ಒಮ್ಮೆ ಟ್ರಿಗರ್ ಎಳೆದರೆ ಒಂದು ಗುಂಡು ಹಾರಿಸಿ ತಾನೇ ಮುಂದಿನದನ್ನು ತುಂಬಿಕೊಳ್ಳುವಂಥದ್ದು, ಒಂದು ಕಂಪನಿಯ ತೋಟೆ ಹಾಕಿದರೆ ಗಡಿಯಾರದಂತೆ ಓಡುತ್ತದೆ, ಇನ್ನೊಂದರದ್ದು ಹಾಕಿದರೆ ಮೂರನೆಯ ಈಡಿಗೇ ಸಿಕ್ಕಿಹಾಕಿಕೊಳ್ಳುತ್ತದೆ. ಎರಡೂ ಪೆಟ್ಟಿಗೆಯ ಮೇಲೆ ಒಂದೇ ಅಳತೆ ಬರೆದಿರುತ್ತದೆ. ಹಾಗಾದರೆ ದೋಷ ಯಾರದ್ದು?

ಕೈ ಮಾಡುತ್ತಿದ್ದ ಕೆಲಸದಲ್ಲಿ ಎಷ್ಟನ್ನು ತೋಟೆಗೆ ವಹಿಸಿದ್ದೇವೆ ಎಂದು ನೋಡಿದರೆ ಈ ಪ್ರಶ್ನೆ ಬಿಡಿಸಿಕೊಳ್ಳುತ್ತದೆ ಎಂದು ನನಗೆ ಅನ್ನಿಸುತ್ತದೆ. ಹಾಗಾಗಿ ಎಲ್ಲ ಕೆಲಸವೂ ಕೈಯದ್ದೇ ಆಗಿರುವ ನಮ್ಮ ಕೇಪಿನ ಕೋವಿಯಿಂದಲೇ ಹೊರಡುವುದು ಸುಲಭ.

ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮಸಿ ಸುರಿಯಬೇಕು, ಮೇಲೆ ತೆಂಗಿನ ನಾರು ತುರುಕಿ ಉದ್ದನೆಯ ಕಡ್ಡಿಯಿಂದ ಜಡಿಯಬೇಕು, ಹಿಂಭಾಗದ ಪುಟ್ಟ ತೂತಿನ ಮೇಲೆ ತಾಮ್ರದ ಕೇಪು ಕೂರಿಸಬೇಕು. ಕುದುರೆ, ಅಂದರೆ ಕೋವಿಯ ಪುಟ್ಟ ಸುತ್ತಿಗೆ, ಬಂದು ಬಡಿದಾಗ ಕೇಪಿನೊಳಗಿನ ಮದ್ದು ಸಿಡಿದು, ಕಿಡಿ ಆ ತೂತಿನಿಂದ ಒಳಗೆ ಹೋಗಿ, ಮಸಿ ಹೊತ್ತಿಕೊಳ್ಳಬೇಕು. ಮಸಿಯೆಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಸುಟ್ಟ ಮೇಲೆ ಅದು ಉಳಿಸುವ ಕಿಟ್ಟಕ್ಕೆ ನೀರಿನ ಮೇಲೆ ಬಹಳ ಆಸೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ, ಹಿಂದಿನ ದಿನ ತೊಳೆಯದೆ ಇಟ್ಟ ನಳಿಗೆ ಗಾಳಿಯ ತೇವವನ್ನೇ ಹೀರಿ ತೂತು ಕಟ್ಟಿಕೊಳ್ಳುತ್ತದೆ. ಆಗ ಕೇಳಿಬರುವ ಮಾತು: ‘ಕೇಪ್ ಹೊಟ್ಟಿತ್, ಈಡ್ ಹ್ವಾಯ್ಲ.’ ಆದರೂ ಈ ಕೋವಿಯಲ್ಲಿ ಒಂದು ಔದಾರ್ಯವಿದೆ. ಮಸಿ ಹಳತೋ ಹೊಸತೋ, ನಾರು ಗಟ್ಟಿಯೋ ಸಡಿಲವೋ, ಇವನ್ನೆಲ್ಲ ತುಂಬುವವನ ಕೈ ಪ್ರತಿ ಸಲವೂ ಸರಿದೂಗಿಸುತ್ತದೆ. ಒಂದು ಈಡು ಬಡವಾಗಿ ಹೋದರೂ ಮುಂದಿನ ಈಡಿಗೆ ಅದರಿಂದ ತೊಂದರೆಯಿಲ್ಲ. ಮುಂದಿನದನ್ನು ತುಂಬುವವನೂ ಅವನೇ.

ತೋಟೆ ಕೋವಿಯಲ್ಲಿ ಮಸಿ, ಕೇಪು, ಚರೆ ಮೂರೂ ಒಂದೇ ಕೊಳವೆಯಲ್ಲಿ ಸೇರಿ ಕಾರ್ಖಾನೆಯಿಂದಲೇ ಬಂದವು. ನಮ್ಮ ಅಂಗಡಿಗಳಲ್ಲಿ ಸಿಗುವುದು ಬಹುಪಾಲು ಪುಣೆಯ ಖಡಕಿಯ ಸರಕಾರಿ ಕಾರ್ಖಾನೆಯ ‘ಶಕ್ತಿಮಾನ್’ ತೋಟೆ. ಕೊಳವೆ ಕಾಗದದ್ದಾಗಿದ್ದ ಕಾಲದಲ್ಲಿ ಆಷಾಢದ ತೇವಕ್ಕೆ ಅದು ಉಬ್ಬಿ ನಳಿಗೆಗೆ ಹೋಗದೆ ನಿಲ್ಲುತ್ತಿತ್ತು, ಹೋದರೆ ಹೊರಗೆ ಬರುತ್ತಿರಲಿಲ್ಲ. ಪ್ಲಾಸ್ಟಿಕ್ ಬಂದು ಆ ಕಾಟ ತಪ್ಪಿಸಿತು. ಇಲ್ಲಿಯೂ ಮಡಚಿ ತೆರೆಯುವುದು, ಖಾಲಿ ಕೊಳವೆ ಎಳೆದು ಬಿಸಾಡುವುದು, ಹೊಸದು ತೂರಿಸುವುದು ಕೈಯ ಕೆಲಸ. ತೋಟೆ ಮಾಡಬೇಕಾದ್ದು ಒಂದೇ: ಹೊತ್ತಿಕೊಳ್ಳುವುದು.

ಇನ್ನು ಪಾಯಿಂಟ್ ಟೂ ಟೂ. ಕೋವಿ ಹಿಡಿದೇ ಗೊತ್ತಿಲ್ಲ ಎನ್ನುವ ಎಷ್ಟೋ ಮಂದಿಯ ಭುಜಕ್ಕೂ ಇದು ಒಮ್ಮೆ ತಾಗಿರುತ್ತದೆ, ಏಕೆಂದರೆ ಕಾಲೇಜಿನ ಎನ್‌ಸಿಸಿ ಶಿಬಿರಗಳಲ್ಲಿ ಮಲಗಿ ಗುರಿಯಿಟ್ಟು ಹೊಡೆಸುವುದು ಇದೇ ಅಳತೆಯ ಬೋಲ್ಟ್ ರೈಫಲ್‌ನಲ್ಲಿ. ಕೊಡಗಿನವರಿಗಂತೂ ಪರಿಚಯ ಮಾಡಿಸಬೇಕಿಲ್ಲ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಊರೂರಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ಪಾಯಿಂಟ್ ಟೂ ಟೂ ಬೇರೆಯೇ ವಿಭಾಗ. ಪೆನ್ಸಿಲಿಗಿಂತ ಸಪೂರದ ಗುಂಡು, ಭುಜಕ್ಕೆ ಒದೆತ ಇಲ್ಲವೇ ಇಲ್ಲ ಎನ್ನಬಹುದು, ಬೆಲೆಯೂ ಕಡಿಮೆ.

ಆ ಬೆಲೆ ಕಡಿಮೆಯಾದದ್ದು ಹೇಗೆ ಎಂಬುದರಲ್ಲೇ ಅದರ ಚಂಚಲತೆಯ ಮೂಲವೂ ಇದೆ. ದೊಡ್ಡ ತೋಟೆಗಳ ತಳದ ನಡುವೆ ಕಿಡಿಮದ್ದಿನ ಪ್ರತ್ಯೇಕ ಬಟ್ಟಲು ಇರುತ್ತದೆ. ಪಾಯಿಂಟ್ ಟೂ ಟೂ ತೋಟೆಯಲ್ಲಿ ಅಂಥ ಬಟ್ಟಲಿಲ್ಲ. ಹಿತ್ತಾಳೆಯ ತೆಳು ಕೊಳವೆಯ ತಳದ ಅಂಚನ್ನು ಮಡಚಿ, ಆ ಮಡಿಕೆಯ ಒಳಗಿನ ಪೊಳ್ಳಿಗೆ ಒದ್ದೆ ಕಿಡಿಮದ್ದನ್ನು ತಿರುಗಿಸಿ ಎರಚಿ ಒಣಗಿಸುತ್ತಾರೆ. ಕೋವಿಯ ಮೊಳೆ ಬಂದು ಆ ಅಂಚನ್ನು ಜಜ್ಜಿದರೆ ಬೆಂಕಿ. ಇದನ್ನೇ ರಿಮ್‌ಫೈರ್ ಎನ್ನುವುದು. ಫ್ರಾನ್ಸಿನ ಫ್ಲೋಬರ್ 1845ರ ಸುಮಾರಿಗೆ ಕೋಣೆಯೊಳಗೆ ಗುರಿ ಹೊಡೆಯಲು ಮಾಡಿದ ಪುಟ್ಟ ತೋಟೆಯಿಂದ ಈ ವಂಶ ಶುರುವಾಯಿತು. 1857ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ರಿವಾಲ್ವರಿಗೆಂದು ‘ಶಾರ್ಟ್’ ಬಂತು, 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿಯಿಂದ ಇಂದು ಜಗತ್ತೆಲ್ಲ ಬಳಸುವ ‘ಲಾಂಗ್ ರೈಫಲ್’ ಬಂತು. ಅಂಚಿನ ಸುತ್ತಲೂ ಕಿಡಿಮದ್ದು ಒಂದೇ ಸಮ ಹರಡಿದ್ದರೆ ಸರಿ. ಎಲ್ಲೋ ಒಂದು ಕಡೆ ತೆಳುವಾಗಿ, ಮೊಳೆ ಅಲ್ಲಿಯೇ ಬಡಿದರೆ ತೋಟೆ ಹುಸಿ. ಅಂಚು ಜಜ್ಜಿಹೋಗುವಷ್ಟು ಮೆತ್ತಗಿರಬೇಕಾದ್ದರಿಂದ ಹಿತ್ತಾಳೆಯನ್ನು ದಪ್ಪ ಮಾಡುವಂತಿಲ್ಲ, ಹಾಗಾಗಿ ಒಳಗಿನ ಒತ್ತಡಕ್ಕೂ ಮಿತಿ. ಅಗ್ಗದ ತೋಟೆಗಳಲ್ಲಿ ಆಗಾಗ ಒಂದು ಹುಸಿ ಹೋಗುವುದನ್ನು ರಿಮ್‌ಫೈರ್ ಬಳಸುವವರು ಲೆಕ್ಕಕ್ಕೆ ಹಿಡಿದೇ ಇರುತ್ತಾರೆ.

ಬೋಲ್ಟ್ ರೈಫಲ್‌ನಲ್ಲಿ ಇದು ದೊಡ್ಡ ವಿಷಯವಲ್ಲ. ಕೈಯಿಂದ ಬೋಲ್ಟ್ ಎತ್ತಿ ಹಿಂದಕ್ಕೆಳೆದರೆ ಸುಟ್ಟ ಕೊಳವೆ ಹೊರಗೆ, ಮುಂದೂಡಿದರೆ ಹೊಸದು ಒಳಗೆ. ತೋಟೆ ಬಲವಾದದ್ದೋ ಬಡವೋ, ಮೇಲೆ ಮೇಣ ಹೆಚ್ಚೋ ಕಡಿಮೆಯೋ, ಸ್ವಲ್ಪ ಬಿಗಿಯಾದರೆ ಕೈ ಇನ್ನಷ್ಟು ಒತ್ತುತ್ತದೆ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಆ ಕೈ ಇಲ್ಲ. ಸಾಮಾನ್ಯ ಪಾಯಿಂಟ್ ಟೂ ಟೂ ಸೆಮಿ ಆಟೋಮ್ಯಾಟಿಕ್‌ನ ಬೋಲ್ಟಿಗೆ ಬೀಗವೇ ಇರುವುದಿಲ್ಲ. ಒಂದು ಉಕ್ಕಿನ ತುಂಡು, ಅದರ ಹಿಂದೆ ಒಂದು ಸ್ಪ್ರಿಂಗ್. ಗುಂಡು ಮುಂದೆ ಹಾರುವಾಗ ಸುಟ್ಟ ಕೊಳವೆ ಹಿಂದಕ್ಕೆ ಒದೆಯುತ್ತದೆ, ಆ ಒದೆತಕ್ಕೆ ಬೋಲ್ಟ್ ಹಿಂದೆ ಸರಿಯುತ್ತದೆ, ಸರಿಯುತ್ತಾ ಕೊಳವೆಯನ್ನು ಹೊರಗೆ ಎಸೆಯುತ್ತದೆ, ಕುದುರೆಯನ್ನು ಏರಿಸಿಡುತ್ತದೆ, ಸ್ಪ್ರಿಂಗ್ ಅದನ್ನು ಮತ್ತೆ ಮುಂದಕ್ಕೆ ನೂಕುವಾಗ ಮ್ಯಾಗಜಿನ್‌ನಿಂದ ಹೊಸ ತೋಟೆಯನ್ನು ತಳ್ಳಿಕೊಂಡು ಹೋಗುತ್ತದೆ. ಮೊದಲು ಕೈ ಮಾಡುತ್ತಿದ್ದ ನಾಲ್ಕಾರು ಕೆಲಸಗಳಿಗೆ ಈಗ ಕೂಲಿ ಕೊಡಬೇಕಾದ್ದು ಸುಟ್ಟುಹೋಗುತ್ತಿರುವ ಆ ತೋಟೆಯೇ. ಅದು ಹೊತ್ತಿಕೊಂಡರೆ ಸಾಲದು, ಇಂತಿಷ್ಟೇ ಬಲದಿಂದ ಒದೆಯಬೇಕು. ಬೋಲ್ಟಿನ ತೂಕವನ್ನೂ ಸ್ಪ್ರಿಂಗಿನ ಬಿಗಿಯನ್ನೂ ಕಂಪನಿ ಒಂದು ಒದೆತಕ್ಕೆ ಹೊಂದಿಸಿ ಮಾಡಿರುತ್ತದೆ. ಪೆಟ್ರೋಲ್‌ನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ತಿರುಗಿಸುತ್ತಿದ್ದ ತೋಟದ ಪಂಪನ್ನು ಬಳಸಿದವರಿಗೆ ಇದು ಅರ್ಥವಾಗುತ್ತದೆ: ಎಂಜಿನ್ ಅದೇ, ಟ್ಯಾಂಕಿಗೆ ಹೋದ ಎಣ್ಣೆಯ ಗುಣ ಬದಲಾದರೆ ನಡೆಯೂ ಬದಲು.

ಈ ತೊಡಕನ್ನು ಮೊದಲು ಎದುರಿಸಿದವರು ಅದಕ್ಕೆ ಕಂಡುಕೊಂಡ ದಾರಿ ಸ್ವಾರಸ್ಯದ್ದು. ಅಮೆರಿಕದ ವಿಂಚೆಸ್ಟರ್ ಕಂಪನಿ 1903ರಲ್ಲಿ ತನ್ನ ಮೊದಲ ಪಾಯಿಂಟ್ ಟೂ ಟೂ ಸೆಮಿ ಆಟೋಮ್ಯಾಟಿಕ್ ರೈಫಲನ್ನು ಮಾರುಕಟ್ಟೆಗೆ ತಂದಿತು. ಲಾಂಗ್ ರೈಫಲ್ ತೋಟೆ ಬಂದು ಹದಿನಾರು ವರ್ಷ ಆಗಿತ್ತು, ಎಲ್ಲ ಅಂಗಡಿಯಲ್ಲೂ ಸಿಗುತ್ತಿತ್ತು. ವಿಂಚೆಸ್ಟರ್ ಮಾತ್ರ ಅದನ್ನು ತನ್ನ ರೈಫಲಿಗೆ ಹತ್ತಿರ ಸೇರಿಸಲಿಲ್ಲ. ಆಗಿನ ತೋಟೆಗಳಲ್ಲಿ ಹಲವು ಇನ್ನೂ ಕಪ್ಪು ಮಸಿಯವು, ಕೆಲವು ಅರ್ಧ ಮಸಿ ಅರ್ಧ ಹೊಗೆರಹಿತ ಮದ್ದಿನವು. ಆ ಕಿಟ್ಟಕ್ಕೆ ಹೊಸ ಯಂತ್ರ ಸ್ವಲ್ಪ ಹೊತ್ತಿನಲ್ಲೇ ಕಟ್ಟಿಕೊಂಡು ನಿಲ್ಲುತ್ತಿತ್ತು. ಅದಕ್ಕೇ ಕಂಪನಿ ಹೊಗೆರಹಿತ ಮದ್ದು ಮಾತ್ರ ತುಂಬಿದ ತನ್ನದೇ ತೋಟೆಯೊಂದನ್ನು ಮಾಡಿತು, ಅದರ ಅಳತೆಯನ್ನೂ ಬೇರೆ ಇಟ್ಟಿತು. ಗಿರಾಕಿ ಬೇಕೆಂದರೂ ಬೇರೆ ತೋಟೆ ಹಾಕುವಂತಿಲ್ಲ. ಹತ್ತು ವರ್ಷ ಕಳೆದು ರೆಮಿಂಗ್ಟನ್ ಕಂಪನಿಯೂ ತನ್ನ ಸ್ವಯಂಚಾಲಿತ ರೈಫಲಿಗೆ ಇದೇ ಬಗೆಯ ಸ್ವಂತ ತೋಟೆ ಮಾಡಿಕೊಂಡಿತು. ವ್ಯಾಪಾರದ ಲೆಕ್ಕವೂ ಅದರಲ್ಲಿ ಇದ್ದೀತು. ಆದರೂ ಕೋವಿ ಮತ್ತು ತೋಟೆ ಒಂದೇ ಯಂತ್ರದ ಎರಡು ಭಾಗ ಎಂಬುದನ್ನು ಅಷ್ಟು ನೇರವಾಗಿ ಒಪ್ಪಿಕೊಂಡವರು ಆಮೇಲೆ ಕಡಿಮೆ. ಹೊಗೆರಹಿತ ಮದ್ದು ಎಲ್ಲ ಕಡೆ ಬಂದ ಮೇಲೆ ಆ ವಿಶೇಷ ತೋಟೆಗಳು ಮೂಲೆ ಸೇರಿದವು, ಸೆಮಿ ಆಟೋಮ್ಯಾಟಿಕ್‌ಗಳೂ ಲಾಂಗ್ ರೈಫಲಿಗೇ ಒಗ್ಗಿಕೊಂಡವು. 1960ರ ಮಾರ್ಲಿನ್ 60, 1964ರ ರೂಗರ್ 10/22 ಲಕ್ಷ ಲಕ್ಷ ಸಂಖ್ಯೆಯಲ್ಲಿ ಮಾರಾಟವಾದವು. ತೊಡಕು ಹಿಂದಿನ ಬಾಗಿಲಿನಿಂದ ವಾಪಸು ಬಂತು. ಲಾಂಗ್ ರೈಫಲ್ ಎಂಬ ಒಂದೇ ಹೆಸರಿನ ಕೆಳಗೆ ಒಂದಕ್ಕೊಂದು ಸಂಬಂಧವಿಲ್ಲದ ಬಲದ ತೋಟೆಗಳು ಸೇರಿಕೊಂಡವು.

ಸ್ವಲ್ಪ ಲೆಕ್ಕ ಮಾಡೋಣ. ಸಾಧಾರಣ ಲಾಂಗ್ ರೈಫಲ್ ಗುಂಡಿನ ತೂಕ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ‘ಸ್ಟ್ಯಾಂಡರ್ಡ್’ ತೋಟೆಯಲ್ಲಿ ಅದು ಸೆಕೆಂಡಿಗೆ 325 ಮೀಟರ್ ಆಸುಪಾಸು ಹೋಗುತ್ತದೆ, ‘ಹೈ ವೆಲಾಸಿಟಿ’ಯಲ್ಲಿ 380. ಬೋಲ್ಟಿಗೆ ಸಿಗುವ ಒದೆತವನ್ನು ಒರಟಾಗಿ ಅಂದಾಜು ಮಾಡಲು ಗುಂಡಿನ ತೂಕವನ್ನೂ ವೇಗವನ್ನೂ ಗುಣಿಸಿದರೆ ಸಾಕು. ಮದ್ದಿನ ಅನಿಲದ ಪಾಲನ್ನು ಸದ್ಯಕ್ಕೆ ಬಿಡೋಣ. ಮೊದಲನೆಯದಕ್ಕೆ 845, ಎರಡನೆಯದಕ್ಕೆ 988 ಬರುತ್ತದೆ. ಅಮೆರಿಕದ ಸಿಸಿಐ ಕಂಪನಿ ಸದ್ದು ಕಡಿಮೆ ಮಾಡಲೆಂದೇ ಒಂದು ತೋಟೆ ಮಾರುತ್ತದೆ. ಗುಂಡು ಅದೇ 40 ಗ್ರೇನ್, ವೇಗ 216 ಮೀಟರ್ ಮಾತ್ರ. ಗುಣಿಸಿದರೆ 562. ಬೋಲ್ಟ್ ರೈಫಲ್‌ನಲ್ಲಿ ಇದು ಸೊಗಸಾದ ತೋಟೆ, ಸೆಮಿ ಆಟೋಮ್ಯಾಟಿಕ್‌ನಲ್ಲಿ ಬೋಲ್ಟ್ ಅರ್ಧ ದಾರಿಗೇ ನಿಂತುಬಿಡುತ್ತದೆ. ಆ ದೂರು ಬಂದ ಮೇಲೆ ಅದೇ ಕಂಪನಿ ಸೆಮಿ ಆಟೋಮ್ಯಾಟಿಕ್‌ಗೆಂದು ಇನ್ನೊಂದು ಮೆಲುದನಿಯ ತೋಟೆ ತಂದಿತು. ವೇಗವನ್ನು 254 ಮೀಟರಿಗೆ ಏರಿಸಿದ್ದಲ್ಲದೆ ಗುಂಡಿನ ತೂಕವನ್ನೂ 45 ಗ್ರೇನಿಗೆ ಹೆಚ್ಚಿಸಿದರು, ಗುಣಿಸಿದರೆ 740ರಷ್ಟು. ಸದ್ದು ಹೆಚ್ಚಿಸದೆ ಒದೆತ ಹೆಚ್ಚಿಸಲು ಭಾರವಾದ ಗುಂಡು ಹಾಕುವುದು ಜಾಣ ದಾರಿಯೇ.

ಇನ್ನೊಂದು ತುದಿಯ ಉದಾಹರಣೆ ಇನ್ನೂ ಕುತೂಹಲದ್ದು. ಅದೇ ಕಂಪನಿಯ ‘ಸ್ಟಿಂಗರ್’ ಎಂಬ ತೋಟೆಯ ವೇಗ ಸೆಕೆಂಡಿಗೆ 500 ಮೀಟರ್. ಕೇಳಿದರೆ ಯಾವ ಕೋವಿಯನ್ನೂ ಓಡಿಸಿಬಿಡುತ್ತದೆ ಅನ್ನಿಸಬೇಕು. ಆದರೆ ಗುಂಡು 32 ಗ್ರೇನಿನ ಹಗುರದ್ದು. ಗುಣಿಸಿ ನೋಡಿದರೆ 1,040ರಷ್ಟು. ಹೈ ವೆಲಾಸಿಟಿಗಿಂತ ವೇಗದಲ್ಲಿ ಶೇ 30ರಷ್ಟು ಮುಂದಿದ್ದರೂ ಒದೆತದಲ್ಲಿ ಮುಂದಿರುವುದು ಶೇ 5ರಷ್ಟು. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಯುವ ವೇಗವನ್ನು ಬೋಲ್ಟ್ ಓದುವುದಿಲ್ಲ. ಮೇಲಾಗಿ ಸ್ಟಿಂಗರ್‌ನ ಹಿತ್ತಾಳೆ ಕೊಳವೆ ಮಾಮೂಲಿಗಿಂತ ಉದ್ದ. ಗುರಿ ಪಂದ್ಯದ ಬಿಗಿ ನಳಿಗೆಗಳಲ್ಲಿ ಅದನ್ನು ಹಾಕಬೇಡಿ ಎಂದು ತಯಾರಕರೇ ಎಚ್ಚರಿಸುತ್ತಾರೆ.

ಹಾಗಾದರೆ ಹೈ ವೆಲಾಸಿಟಿಯನ್ನೇ ಹಾಕಿ ಸುಮ್ಮನಿರಬಹುದಲ್ಲ? ಮಾರುಕಟ್ಟೆಯ ಮಾಮೂಲು ಸೆಮಿ ಆಟೋಮ್ಯಾಟಿಕ್‌ಗಳ ಮಟ್ಟಿಗೆ ಹೌದು, ಅವುಗಳನ್ನು ಹೊಂದಿಸಿರುವುದೂ ಬಹುಪಾಲು ಅದಕ್ಕೇ. ಆದರೆ ಪಂದ್ಯದ ಲೋಕಕ್ಕೆ ಬಂದರೆ ಲೆಕ್ಕ ತಿರುಗಿಬೀಳುತ್ತದೆ. ಶಬ್ದದ ವೇಗ ನಮ್ಮ ಹವೆಯಲ್ಲಿ ಸೆಕೆಂಡಿಗೆ 345 ಮೀಟರಿನ ಆಸುಪಾಸು. ಅದಕ್ಕಿಂತ ಜೋರಾಗಿ ಹೊರಟ ಗುಂಡು ದಾರಿಯಲ್ಲಿ ನಿಧಾನವಾಗುತ್ತಾ ಆ ಗಡಿಯನ್ನು ಇಳಿಯುವಾಗ ಅಲುಗುತ್ತದೆ. ಐವತ್ತು ಮೀಟರ್ ದೂರದಲ್ಲಿ 10.4 ಮಿಲಿಮೀಟರ್ ಅಗಲದ ಹತ್ತರ ವೃತ್ತಕ್ಕೆ ಹೊಡೆಯುವವರಿಗೆ ಆ ಅಲುಗಾಟ ಬೇಡ. ಆದ್ದರಿಂದ ಒಲಿಂಪಿಕ್ ಮಟ್ಟದ ತೋಟೆಗಳೆಲ್ಲ ಶಬ್ದದ ಗಡಿಯ ಕೆಳಗೇ ಇರುತ್ತವೆ. 2024ರ ಪ್ಯಾರಿಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಗುರ್ಪಾಲ್ ಸಿಂಗ್ ಬೆಳ್ಳಿ ಗೆದ್ದ 50 ಮೀಟರ್ ಪಿಸ್ತೂಲು, ಎರಡರಲ್ಲೂ ಹಾರುವುದು ಇದೇ ಪುಟ್ಟ ರಿಮ್‌ಫೈರ್ ಗುಂಡು. ಇಬ್ಬರೂ ಪ್ರತಿ ತೋಟೆಯನ್ನು ಕೈಯಿಂದ ತುಂಬಿದವರು.

ಸೆಮಿ ಆಟೋಮ್ಯಾಟಿಕ್ ರಿಮ್‌ಫೈರ್ ಒಲಿಂಪಿಕ್ಸಿನಲ್ಲಿ ಕಾಣುವುದು 25 ಮೀಟರ್ ಪಿಸ್ತೂಲು ಸ್ಪರ್ಧೆಗಳಲ್ಲಿ. 2012ರ ಲಂಡನ್‌ನಲ್ಲಿ ಹಿಮಾಚಲದ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಅದರ ರ‍್ಯಾಪಿಡ್ ಫೈರ್ ವಿಭಾಗದಲ್ಲಿ. ಸಾಲಾಗಿ ನಿಂತ ಐದು ಗುರಿಗಳಿಗೆ ಐದು ಗುಂಡು. ಅವಧಿ ಮೊದಲು 8 ಸೆಕೆಂಡು, ಆಮೇಲೆ 6, ಕೊನೆಗೆ 4. ನಾಲ್ಕು ಸೆಕೆಂಡಿನ ಸರಣಿಯಲ್ಲಿ ಒಂದು ಕೊಳವೆ ಹೊರಬರದೆ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಸಿಕ್ಕಿಕೊಂಡದ್ದು ಪಿಸ್ತೂಲಿನ ದೋಷದಿಂದಲೋ ಶೂಟರನ ದೋಷದಿಂದಲೋ ಎಂದು ತೀರ್ಮಾನಿಸಲು ನಿಯಮಪುಸ್ತಕದಲ್ಲಿ ಪುಟಗಟ್ಟಲೆ ಬರೆದಿದ್ದಾರೆ. ಈ ಪಿಸ್ತೂಲುಗಳನ್ನು ಹೊಂದಿಸಿರುವುದು ನಿಧಾನದ ತೋಟೆಗೆ. ಹೆಚ್ಚು ನಂಬಿಕಸ್ತವಾಗಲಿ ಎಂದು ಹೈ ವೆಲಾಸಿಟಿ ತುಂಬಿದರೆ ಬೋಲ್ಟ್ ಅಗತ್ಯಕ್ಕಿಂತ ಜೋರಾಗಿ ಹಿಂದಕ್ಕೆ ಬಡಿದು ಯಂತ್ರವನ್ನೇ ಸವೆಸುತ್ತದೆ. ಬಲ ಕಡಿಮೆಯಾದರೂ ಕೆಡುಕು, ಹೆಚ್ಚಾದರೂ ಕೆಡುಕು.

ಬಲವೊಂದೇ ಎಂದು ತಿಳಿಯಬಾರದು. ಪಾಯಿಂಟ್ ಟೂ ಟೂ ಗುಂಡು ಬರಿಯ ಸೀಸ, ಅದರ ಮೇಲೆ ಮೇಣದ ಲೇಪ. ಬೀಗವಿಲ್ಲದ ಬೋಲ್ಟ್ ಪ್ರತಿ ಈಡಿಗೂ ಸ್ವಲ್ಪ ಹೊಗೆ, ಮಸಿ, ಮೇಣದ ಪುಡಿಯನ್ನು ತನ್ನ ಗೂಡಿನೊಳಕ್ಕೇ ಎಳೆದುಕೊಳ್ಳುತ್ತದೆ. ಹೊಸದಾಗಿ ತೊಳೆದ ರೈಫಲ್‌ನಲ್ಲಿ ಓಡಿದ ಸ್ಟ್ಯಾಂಡರ್ಡ್ ತೋಟೆ ನೂರಾರು ಈಡಿನ ನಂತರ ತಡವರಿಸತೊಡಗಿದರೆ ತೋಟೆ ಕೆಟ್ಟಿತೆಂದಲ್ಲ, ಗೂಡಿನ ಉಜ್ಜುವಿಕೆ ಹೆಚ್ಚಿತೆಂದು. ಮೆತ್ತನೆಯ ಸೀಸದ ಮೂಗು ಮ್ಯಾಗಜಿನ್‌ನಿಂದ ಮೇಲೇರುವಾಗ ನಳಿಗೆಯ ಅಂಚಿಗೆ ತಾಗಿ ಜಜ್ಜಿಹೋಗುವುದು ಇನ್ನೊಂದು ರೋಗ. ತಾಮ್ರದ ಬಣ್ಣದ ತೆಳು ಲೇಪವಿದ್ದ ಗುಂಡು ಅಲ್ಲಿ ಜಾರಿ ಹೋಗುತ್ತದೆ, ಚಪ್ಪಟೆ ಮೂಗಿನದ್ದು ನಿಲ್ಲುತ್ತದೆ. ರೈಫಲನ್ನೇ ಶಪಿಸುವ ಎಷ್ಟೋ ಸಂದರ್ಭದಲ್ಲಿ ಅಪರಾಧಿ ಮ್ಯಾಗಜಿನ್ನಿನ ಬಾಗಿದ ತುಟಿ ಅಥವಾ ಸೊರಗಿದ ಸ್ಪ್ರಿಂಗ್. ‘ನನ್ನ ರೈಫಲಿಗೆ ಆ ಬ್ರ್ಯಾಂಡ್ ಹಿಡಿಸುವುದಿಲ್ಲ’ ಎಂಬ ಮಾತು ಮೂಢನಂಬಿಕೆಯಂತೆ ಕೇಳಿದರೂ, ಮೂಗಿನ ಆಕಾರ, ಮೇಣದ ದಪ್ಪ, ಅಂಚಿನ ದಪ್ಪ, ಒದೆತ ಈ ಎಲ್ಲದರ ಮೊತ್ತವನ್ನೇ ಅದು ಹೇಳುತ್ತಿರುತ್ತದೆ.

ನಂಬಿಕೆಯ ಜಾಹೀರಾತಿಗಾಗಿ ನಡೆದ ಎರಡು ಹುಚ್ಚುಗಳ ಪ್ರಸ್ತಾಪವನ್ನು ಇಲ್ಲಿ ತಪ್ಪಿಸಲಾರೆ. 1907ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಆ್ಯಡ್ ಟೋಪರ್‌ವೈನ್ ಎಂಬ ವಿಂಚೆಸ್ಟರ್‌ನ ಪ್ರದರ್ಶನ ಶೂಟರ್ ಹತ್ತು ದಿನ ನಿಂತು, ಗಾಳಿಗೆಸೆದ 72,500 ಮರದ ತುಂಡುಗಳಿಗೆ 1903ರ ಮಾದರಿಯ ರೈಫಲ್‌ಗಳಿಂದ ಗುಂಡು ಹೊಡೆದರು. ತಪ್ಪಿದ್ದು 9. ಅದನ್ನು ಮುರಿಯಲು 1959ರಲ್ಲಿ ರೆಮಿಂಗ್ಟನ್‌ನ ಟಾಮ್ ಫ್ರೈ ಕಂಪನಿಯ ಹೊಸ ‘ನೈಲಾನ್ 66’ ಹಿಡಿದು 1,00,010 ತುಂಡುಗಳಿಗೆ ಹೊಡೆದರು. ತಪ್ಪಿದ್ದು 6. ಎಲ್ಲರೂ ಅವರ ಗುರಿಯನ್ನು ಹೊಗಳುತ್ತಾರೆ. ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಆ ರೈಫಲ್‌ಗಳು ಅಷ್ಟು ಹೊತ್ತು ಓಡಿದ್ದು. ನೈಲಾನ್ 66ರ ಗೂಡು ಹೆಸರೇ ಹೇಳುವಂತೆ ನೈಲಾನಿನದ್ದು, ಎಣ್ಣೆ ಬೇಡದ್ದು. ಎಣ್ಣೆಯಿಲ್ಲದಲ್ಲಿ ಮಸಿ ಅಂಟಿ ಕೆಸರಾಗುವುದೂ ಕಡಿಮೆ. ಹಿತ್ತಲಲ್ಲಿ ಉಪ್ಪುಗಾಳಿ ಬೀಸುವ ನಮ್ಮಂಥ ಊರಿಗೆ ಹೇಳಿ ಮಾಡಿಸಿದಂತಿತ್ತು; ಇಲ್ಲಿಗೆ ಬರಲಿಲ್ಲ, ಅಷ್ಟೇ.

ಬರುವ ದಾರಿಯೂ ಇಲ್ಲ. ನಮ್ಮ ಶಸ್ತ್ರ ನಿಯಮಗಳಲ್ಲಿ ಸೆಮಿ ಆಟೋಮ್ಯಾಟಿಕ್ ರೈಫಲ್ ಬಿಗಿ ನಿರ್ಬಂಧದ ವರ್ಗಕ್ಕೆ ಸೇರಿದ್ದು. 1959ರ ಶಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಮೊದಲು ಹೆಸರಿಸುವುದು ನಳಿಗೆಯ ಬಾಯಿಂದ ತುಂಬುವ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಕೋವಿ. ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕೆ ಅದೇ ಕಲಮಿನಲ್ಲಿ ಬೇರೆ ಅವಕಾಶ. 1980ರ ದಶಕದ ಮಧ್ಯದಿಂದ ಸಾಮಾನ್ಯ ನಾಗರಿಕರಿಗೆ ವಿದೇಶಿ ಬಂದೂಕಿನ ಆಮದು ನಿಂತಿದೆ. ಪಾಯಿಂಟ್ ಟೂ ಟೂ ತೋಟೆಯ ದೇಶೀ ಮೂಲ ಮತ್ತೆ ಅದೇ ಖಡಕಿ. 1869ರಷ್ಟು ಹಳೆಯ ಆ ಕಾರ್ಖಾನೆ 2021ರ ಅಕ್ಟೋಬರ್‌ನಿಂದ ಮ್ಯುನಿಷನ್ಸ್ ಇಂಡಿಯಾ ಎಂಬ ಕಂಪನಿಯ ಕೆಳಗಿದೆ. ವರ್ಷಕ್ಕೆ ಎಷ್ಟು ತೋಟೆ ಕೊಳ್ಳಬಹುದು ಎಂಬುದು ಪರವಾನಿಗೆಯ ಮೇಲೇ ಬರೆದಿರುತ್ತದೆ.

ಹಾಗಾಗಿ ಅಮೆರಿಕದವರು ಕೊಡುವ ಬುದ್ಧಿವಾದ, ಹತ್ತು ಬ್ರ್ಯಾಂಡಿನ ತೋಟೆ ತಂದು ನಿಮ್ಮ ರೈಫಲಿಗೆ ಯಾವುದು ಹಿಡಿಸುತ್ತದೆ ಪರೀಕ್ಷಿಸಿ ಎಂಬುದು, ನಮ್ಮಲ್ಲಿ ನಡೆಯುವ ಮಾತಲ್ಲ. ಅಲ್ಲಿ ಕೋವಿ ಮೊದಲು, ಅದಕ್ಕೆ ತಕ್ಕ ತೋಟೆ ಆಮೇಲೆ. ಇಲ್ಲಿ ಸಿಕ್ಕಿದ ತೋಟೆ ಮೊದಲು, ಅದರ ಮೇಲೆ ಬೇಸರ ಮಾಡಿಕೊಳ್ಳದ ಕೋವಿ ಆಮೇಲೆ. ಆ ದೃಷ್ಟಿಯಿಂದ ನೋಡಿದರೆ ಕೈಯಿಂದ ತುಂಬುವ, ಮಡಚಿ ತೆರೆಯುವ ಕೋವಿ ನಮ್ಮಲ್ಲಿ ಉಳಿದುಕೊಂಡದ್ದು ಬಡತನದಿಂದಲೋ ಕಾನೂನಿನ ಬಿಗಿಯಿಂದಲೋ ಆಗಿರಬಹುದು, ಯಂತ್ರದ ತರ್ಕಕ್ಕೂ ಅದೇ ಒಪ್ಪುತ್ತದೆ. ಸ್ವಯಂಚಾಲಿತ ಬಂದೂಕುಗಳ ಗುರು ಎನಿಸಿದ ಜಾನ್ ಬ್ರೌನಿಂಗ್ ಕೂಡ ಇದನ್ನು ಬಲ್ಲವನು. 1902ರಿಂದ ಬೆಲ್ಜಿಯಂನಲ್ಲಿ ತಯಾರಾದ ಅವನ ಆಟೋ-5 ಎಂಬ ಚರೆಕೋವಿಯೊಳಗೆ ಉಜ್ಜುವ ಉಂಗುರಗಳಿದ್ದವು. ಹಗುರ ತೋಟೆ ಹಾಕುವಾಗ ಒಂದು ಬಗೆ, ಭಾರದ್ದು ಹಾಕುವಾಗ ಇನ್ನೊಂದು ಬಗೆ ಜೋಡಿಸಿಕೊಳ್ಳಬೇಕಿತ್ತು. ಅಂದರೆ ಕೈಯ ಕೆಲಸವನ್ನು ಯಂತ್ರಕ್ಕೆ ಕೊಟ್ಟ ಮೇಲೂ ಹೊಂದಿಸುವ ಹೊಣೆಯನ್ನು ಮಾತ್ರ ಕೈಗೇ ಉಳಿಸಿದ್ದ. ಅಗ್ಗದ ಪಾಯಿಂಟ್ ಟೂ ಟೂಗಳಲ್ಲಿ ಅಂಥ ಉಂಗುರಕ್ಕೆ ಜಾಗವಿಲ್ಲ.

ಮಳೆಯ ವಿಷಯಕ್ಕೆ ಮರಳದೆ ಈ ಲೇಖನ ಮುಗಿಯದು. ಹಿತ್ತಾಳೆ ತುಕ್ಕು ಹಿಡಿಯುವುದಿಲ್ಲ ಎಂಬ ಧೈರ್ಯದಲ್ಲಿ ತೋಟೆಗಳನ್ನು ಎಲ್ಲೆಂದರಲ್ಲಿ ಇಡುವವರಿದ್ದಾರೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ತೋಟೆಗಳಿಗೆ ಒಂದು ವಿಚಿತ್ರ ಕಾಯಿಲೆ ಅಂಟಿತ್ತು. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ತೋಟೆಗಳ ಹಿತ್ತಾಳೆ ಬಳಸುವ ಮೊದಲೇ ತಾನಾಗಿ ಬಿರುಕು ಬಿಡುತ್ತಿತ್ತು. ಕಾರಣ ಖಚಿತವಾದದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಲೋಹಶಾಸ್ತ್ರಜ್ಞರಿಂದ: ಕುದುರೆಯ ಮೂತ್ರದಿಂದ ಏಳುವ ಅಮೋನಿಯ, ಗಾಳಿಯ ತೇವ, ಕೊಳವೆ ಎಳೆಯುವಾಗ ಲೋಹದೊಳಗೆ ಉಳಿದ ಬಿಗಿತ, ಈ ಮೂರೂ ಸೇರಿದರೆ ಹಿತ್ತಾಳೆ ಸೀಳುತ್ತದೆ. ಕುದುರೆ ಲಾಯ ನಮ್ಮಲ್ಲಿಲ್ಲ, ದನದ ಹಟ್ಟಿ ಇದೆ. ಹಟ್ಟಿಗೆ ಅಂಟಿದ ಕೋಣೆಯ ಕಪಾಟು ತೋಟೆಗೆ ಒಳ್ಳೆಯ ಜಾಗವಲ್ಲ. ಬಿಗಿ ಮುಚ್ಚಳದ ಡಬ್ಬಿ, ಒಣ ಕೋಣೆ, ಬೀಗ ಇಷ್ಟಿದ್ದರೆ ಸಾಕು. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿಯಾಗಿ ತಿಂಗಳುಗಟ್ಟಲೆ ಕೂತು ಬಂದ ಕೋವಿಯನ್ನೂ ಮನೆಗೆ ತಂದ ದಿನವೇ ನಳಿಗೆಯ ಒಳಗೆ ಬೆಳಕು ಬಿಟ್ಟು ನೋಡುವುದು ಒಳ್ಳೆಯದು. ಜೇಡಕ್ಕೂ ಕುಂಬಾರ ಹುಳುವಿಗೂ ಕೋವಿಯ ನಳಿಗೆ ಅಂದರೆ ಸಿದ್ಧ ಮನೆ.

ಹುಸಿಯಾದ ತೋಟೆಯ ವಿಷಯದಲ್ಲಿ ಎಲ್ಲ ಕೋವಿಗೂ ಒಂದೇ ನಿಯಮ. ಟ್ರಿಗರ್ ಎಳೆದೂ ಸದ್ದು ಬರದಿದ್ದರೆ ನಳಿಗೆಯನ್ನು ಗುರಿಯ ದಿಕ್ಕಿಗೇ ಹಿಡಿದು ಅರ್ಧ ನಿಮಿಷ ಕಾಯಬೇಕು. ತೇವ ಹಿಡಿದ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಕೇಪಿನ ಕೋವಿಯಲ್ಲಿ ಈ ತಡ ಇನ್ನೂ ಹೆಚ್ಚು, ಕಾಯುವುದೂ ಇನ್ನಷ್ಟು ಹೊತ್ತು ಬೇಕು.

ಇನ್ನೂ ಅಪಾಯದ್ದು ಸದ್ದು ಬಂದೂ ಬಾರದ ಈಡು. ‘ಢಂ’ ಎನ್ನಬೇಕಾದಲ್ಲಿ ‘ಪುಸ್’ ಎಂದರೆ, ಕಿಡಿಮದ್ದು ಮಾತ್ರ ಹೊತ್ತಿ ಮುಖ್ಯ ಮದ್ದು ಸುಡದೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ಅದರ ಬೆನ್ನಿಗೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಇಂಥ ಬಡ ಈಡಿಗೆ ಬೋಲ್ಟ್ ಪೂರ್ತಿ ಹಿಂದೆ ಹೋಗುವುದಿಲ್ಲ, ಯಂತ್ರ ತಾನೇ ನಿಂತುಬಿಡುತ್ತದೆ. ಮತ್ತೆ ಸಿಕ್ಕಿಹಾಕಿಕೊಂಡಿತು ಎಂದು ಬೈದುಕೊಂಡು, ಕೈಯಿಂದ ಬೋಲ್ಟ್ ಎಳೆದು ಬಿಟ್ಟು, ಮುಂದಿನದನ್ನು ಹೊಡೆಯುವವರೇ ಆಗ ಪೆಟ್ಟು ತಿನ್ನುವುದು. ಬೋಲ್ಟ್ ರೈಫಲ್ ಆ ಸೂಚನೆಯನ್ನೂ ಕೊಡುವುದಿಲ್ಲ, ಅಲ್ಲಿ ಕಿವಿಯೇ ಗತಿ. ಯಾವುದೇ ಆದರೂ ಮ್ಯಾಗಜಿನ್ ತೆಗೆದು, ಬೋಲ್ಟ್ ತೆರೆದಿಟ್ಟು, ನಳಿಗೆಯಲ್ಲಿ ತೋಟೆ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಹಿಂದಿನ ಬದಿಯಿಂದ ಒಳಗೆ ನೋಡಬೇಕು. ಆಚೆ ತುದಿಯ ಬೆಳಕು ದುಂಡಗೆ ಕಾಣಿಸದಿದ್ದರೆ ಆ ಕೋವಿಯ ಕೆಲಸ ಅವತ್ತಿಗೆ ಮುಗಿಯಿತು. ನಳಿಗೆಯೊಳಗೆ ಕಂಬಿ ತೂರಿಸಿ ಬಡಿಯಲು ಹೋಗದೆ ಬಂದೂಕು ರಿಪೇರಿಯವರ ಬಳಿಗೆ ಒಯ್ಯುವುದೇ ಸರಿ.